ಹಳೇ ವ್ಯಾನಿನ ವೈಪರ್, ವಾಷರ್: ಮೋಟರ್‌ಗೆ ಕೈ ಹಾಕುವ ಮುಂಚೆ ನೋಡಬೇಕಾದದ್ದು

ನಮ್ಮ ಕಡೆ ವೈಪರ್ ಹಾಳಾಗುವುದು ಮಳೆಯಲ್ಲಿ ಅಲ್ಲ, ಬಿಸಿಲಲ್ಲಿ. ಮಲೆನಾಡಿನವರ ವೈಪರ್ ಓಡಿ ಓಡಿ ಸವೆಯುತ್ತದೆ. ದಾವಣಗೆರೆ, ಚಿತ್ರದುರ್ಗದ ವೈಪರ್ ಸುಮ್ನೆ ನಿಂತೇ ಸಾಯುತ್ತದೆ. ದೀಪಾವಳಿ ಕಳೆದ ಮೇಲೆ ಆ ಸ್ವಿಚ್ಚಿಗೆ ಕೈ ಹಾಕುವವರೇ ಇಲ್ಲ. ಏಪ್ರಿಲ್ ಕೊನೆಗೆ ಒಂದು ಸಂಜೆ ಗುಡುಗಿಕೊಂಡು ಮಳೆ ಬಂದಾಗಲೇ ಅದರ ನೆನಪು. ಸ್ವಿಚ್ ಹಾಕಿದರೆ ರಬ್ಬರ್ ಕರಕರ ಅನ್ನುತ್ತದೆ. ಗ್ಲಾಸ್ ತುಂಬ ಕೆಸರಿನ ಗೆರೆ. ಗ್ಲಾಸಿಗೆ ನೀರು ಚಿಮ್ಮಿಸುವ ವಾಷರ್ ಒತ್ತಿದರೆ ಒಂದು ಹನಿ ನೀರಿಲ್ಲ. ಭರಣಿ ಮಳೆ ಸುರಿದರೆ ಧರಣಿಯೆಲ್ಲ ಬೆಳೆ ಅಂತಾರೆ ರೈತರು. ಆಟೋ ಎಲೆಕ್ಟ್ರಿಷಿಯನ್‌ಗಳಿಗೂ ಅವತ್ತೇ ಬೆಳೆ.

ಇಲ್ಲಿ ಓಮ್ನಿಯನ್ನು ಕಣ್ಣ ಮುಂದೆ ಇಟ್ಟುಕೊಂಡು ಬರೆದಿದ್ದೇನೆ. 1984ರಲ್ಲಿ ಮಾರುತಿ ವ್ಯಾನ್ ಅಂತ ಬಂದು, 2019ರಲ್ಲಿ ತಯಾರಿಕೆ ನಿಂತರೂ ನಮ್ಮ ಊರುಗಳಲ್ಲಿ ಇನ್ನೂ ಮಂಡಕ್ಕಿ ಚೀಲ, ಮದುವೆ ಪಾತ್ರೆ, ಸ್ಕೂಲ್ ಮಕ್ಕಳು ಎಲ್ಲವನ್ನೂ ಹೊರುತ್ತಿರುವ ಗಾಡಿ ಅದು. ನಿಮ್ಮದು ಈಕೋ ಆಗಿರಲಿ, ಬೇರೆ ಹಳೇ ವ್ಯಾನ್ ಆಗಿರಲಿ, ವೈಪರ್ ಕೆಲಸ ಮಾಡುವ ರೀತಿ ಹೆಚ್ಚುಕಮ್ಮಿ ಒಂದೇ.

ನನ್ನದು ಒಂದೇ ಮಾತು. ಅಗ್ಗದ್ದನ್ನು ಮೊದಲು ನೋಡಿ, ದುಬಾರಿಯದ್ದನ್ನು ಕೊನೆಗೆ ನೋಡಿ. ಗ್ಲಾಸ್, ರಬ್ಬರ್, ವೈಪರ್ ತೋಳು, ಫ್ಯೂಸ್, ಅರ್ಥಿಂಗ್ (ಕರೆಂಟ್ ಗಾಡಿಯ ಬಾಡಿ ಮೂಲಕ ಬ್ಯಾಟರಿಗೆ ವಾಪಸಾಗುವ ದಾರಿ), ಲಿಂಕ್ (ಮೋಟರ್ ತಿರುಗುವುದನ್ನು ತೋಳುಗಳಿಗೆ ಮುಟ್ಟಿಸುವ ಸರಳುಗಳು), ಎಲ್ಲ ಆದ ಮೇಲೆ ಮೋಟರ್. ಅಂಗಡಿಗೆ ಹೋದರೆ ಈ ಸಾಲು ತಲೆಕೆಳಗಾಗುತ್ತದೆ. ಒಮ್ಮೆ ಒಂದು ಕಡೆ ವ್ಯಾನ್ ನಿಲ್ಲಿಸಿದೆ. ಹುಡುಗ ಸ್ವಿಚ್ ಹಾಕಿ ನೋಡಿದ, ಗಾಡಿಯಿಂದ ಇಳಿಯಲೂ ಇಲ್ಲ. "ಮೋಟರ್ ಹೋಗೈತಿ ಅಣ್ಣಾ, ಹೊಸದೇ ಹಾಕ್ಬೇಕು" ಅಂದ. "ಒಳಗೆ ಗುಂಯ್ ಅಂತೈತಲ್ಲೋ ತಮ್ಮಾ, ಅದು ಮತ್ತೇನು?" ಅಂದೆ. ಬಿಚ್ಚಿ ನೋಡಿದರೆ ಮೋಟರ್ ಚೆನ್ನಾಗಿಯೇ ತಿರುಗುತ್ತಿತ್ತು. ಲಿಂಕಿನ ಕೀಲಿನಲ್ಲಿರುವ ಪ್ಲಾಸ್ಟಿಕ್ ಬುಷ್ ಒಂದು ಕಳಚಿ ಬಿದ್ದಿತ್ತು, ಅಷ್ಟೇ.

ಮೊದಲು ಗ್ಲಾಸ್

ಗೆರೆ ಬಿದ್ದ ಕೂಡಲೇ ರಬ್ಬರ್ ಬದಲಾಯಿಸುತ್ತೇವೆ. ಹೊಸ ರಬ್ಬರ್ ಹಾಕಿದ ಮೇಲೂ ಗೆರೆ ಹೋಗದಿದ್ದರೆ ಅಂಗಡಿಯವನಿಗೆ ಬೈಯುತ್ತೇವೆ. ಎಷ್ಟೋ ಸಲ ತೊಂದರೆ ಗ್ಲಾಸಿನದೇ. ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಲಾರಿಗಳ ಹಿಂದೆ ಓಡುವ ಗಾಡಿಯ ಗ್ಲಾಸಿಗೆ ಹೊಗೆಯ ಜಿಡ್ಡು ಹತ್ತುತ್ತದೆ. ಅದರ ಮೇಲೆ ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಹೊಟ್ಟಿನ ಧೂಳು. ಚಿತ್ರದುರ್ಗದ ಕಡೆ ಆದರೆ ಗಾಳಿ, ಕೆಮ್ಮಣ್ಣು. ಮಾವು ಹೂ ಬಿಟ್ಟ ಕಾಲದಲ್ಲಿ ಆ ಮರದ ಕೆಳಗೆ ಗಾಡಿ ನಿಲ್ಲಿಸಿದ್ದರಂತೂ ಗ್ಲಾಸ್ ತುಂಬ ಅಂಟು. ಹೂವಿಗೆ ಬರುವ ಜಿಗಿಹುಳ ಬಿಡುವ ಸಿಹಿ ರಸ ಅದು.

ಪರೀಕ್ಷೆ ಸುಲಭ. ಒಂದು ಚೊಂಬು ನೀರನ್ನು ಮೇಲಿನಿಂದ ಸುರಿಯಿರಿ. ನೀರು ಹಾಳೆಯಂತೆ ಸಮನಾಗಿ ಇಳಿದರೆ ಗ್ಲಾಸ್ ಶುದ್ಧ. ಅಲ್ಲಲ್ಲಿ ಒಡೆದು ಹನಿ ಹನಿಯಾಗಿ ನಿಂತರೆ ಜಿಡ್ಡಿದೆ.

ತೊಳೆಯುವಾಗ ಒಣ ಬಟ್ಟೆ ಮುಟ್ಟಿಸಬೇಡಿ. ಮೊದಲು ಬರೀ ನೀರು ಸುರಿದು ಮಣ್ಣು ಇಳಿಸಿ. ಆಮೇಲೆ ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ ಹಾಕಿಕೊಂಡು ಮೆತ್ತನೆಯ ಸ್ಪಂಜಿನಲ್ಲಿ ಉಜ್ಜಿ. ನೊರೆ ಪೂರ್ತಿ ಹೋಗುವ ತನಕ ನೀರು ಹಾಕಿ. ಹಳೇ ಪಂಚೆ ತುಂಡಿನಲ್ಲಿ ಒರೆಸಿ. ಬೋರ್ ನೀರಿನ ಬಿಳಿ ಕಲೆ ಉಳಿದಿದ್ದರೆ ಬಿಳಿ ವಿನೆಗರ್ ಅದ್ದಿದ ಬಟ್ಟೆಯನ್ನು ಅದರ ಮೇಲೆ ಐದು ನಿಮಿಷ ಇಟ್ಟು ಉಜ್ಜಿ, ಮತ್ತೆ ತೊಳೆಯಿರಿ. ಪೇಂಟಿನ ಮೇಲೆ ವಿನೆಗರ್ ನಿಲ್ಲದಂತೆ ನೋಡಿಕೊಳ್ಳಿ. ಗ್ಲಾಸಿನ ಒಳಮೈಯನ್ನೂ ಒರೆಸಿ. ರಾತ್ರಿ ಎದುರು ಗಾಡಿಯ ಲೈಟ್ ಹರಡಿಕೊಂಡು ಕಂಡರೆ ಒಳಗಿನ ಮಬ್ಬೂ ಅದಕ್ಕೆ ಕಾರಣ ಇರುತ್ತದೆ.

ಇಲ್ಲಿ ಒಂದು ಕಟ್ಟುನಿಟ್ಟು. ಧೂಳು ಕೂತ ಒಣ ಗ್ಲಾಸಿನ ಮೇಲೆ ವೈಪರ್ ಓಡಿಸಲೇಬೇಡಿ. ನಮ್ಮ ಮಣ್ಣಿನಲ್ಲಿ ಮರಳಿನ ಕಣ ಜಾಸ್ತಿ. ರಬ್ಬರ್ ಕೆಳಗೆ ಅದು ಸಿಕ್ಕಿಕೊಂಡರೆ ಕಮಾನಿನ ಆಕಾರದಲ್ಲಿ ಗೀರು ಬೀಳುತ್ತದೆ. ಬಿದ್ದ ಗೀರು ಉಗುರಿಗೆ ತಗಲುವಷ್ಟು ಆಳ ಇದ್ದರೆ ಯಾವ ಟೂತ್‌ಪೇಸ್ಟಿಗೂ ಹೋಗುವುದಿಲ್ಲ. ಗ್ಲಾಸ್ ಬದಲಾಯಿಸುವುದೇ ದಾರಿ.

ರಬ್ಬರ್ ಮತ್ತು ತೋಳು

ವೈಪರ್ ತೋಳನ್ನು ಎತ್ತಿ ನಿಲ್ಲಿಸಿ. ರಬ್ಬರ್ ಅಂಚನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆಯಿರಿ. ಮೆತ್ತಗೆ ಬಾಗಿ ವಾಪಸ್ ನೆಟ್ಟಗಾಗಬೇಕು. ಬೆರಳಿಗೆ ಗಟ್ಟಿ ಅನ್ನಿಸಿದರೆ, ಸಣ್ಣ ಸಣ್ಣ ಬಿರುಕು ತಗಲಿದರೆ, ಅಂಚು ಚೂಪಾಗಿರದೆ ದುಂಡಗಾಗಿದ್ದರೆ ಅದರ ಆಯಸ್ಸು ಮುಗಿದಿದೆ. ಬರೀ ಕೊಳೆಯಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತಾ ಹೋಗಿ. ಬಟ್ಟೆಗೆ ಕಪ್ಪು ಹತ್ತುವುದು ಕಡಿಮೆಯಾಗುವ ತನಕ ಒರೆಸಬೇಕು. ಸೀಮೆಎಣ್ಣೆ, ಡೀಸೆಲ್, ಇಂಜಿನ್ ಆಯಿಲ್ ಸವರಿದರೆ ರಬ್ಬರ್ ಮೆತ್ತಗಾಗುತ್ತದೆ ಅಂತ ಹೇಳುವವರಿದ್ದಾರೆ. ಅದು ಮೆತ್ತಗಾಗುವುದಲ್ಲ, ಊದಿಕೊಳ್ಳುವುದು. ಜೊತೆಗೆ ಗ್ಲಾಸಿಗೂ ಎಣ್ಣೆ. ಎಮರಿ ಪೇಪರ್‌ನಲ್ಲಿ ಅಂಚು ಉಜ್ಜುವ ಉಪಾಯವೂ ನನಗೆ ಹಿಡಿಸಿಲ್ಲ. ಹೊಸ ಬ್ಲೇಡಿನ ಬೆಲೆ ನೂರರ ಲೆಕ್ಕದ್ದು, ಅದಕ್ಕೆ ಯಾಕಿಷ್ಟು ಒದ್ದಾಟ?

ಹೊಸದು ತರುವಾಗ ಹಳೆಯದನ್ನು ಸ್ಕೇಲಿನಲ್ಲಿ ಅಳೆದು, ಸಾಧ್ಯವಾದರೆ ಕೈಯಲ್ಲೇ ಹಿಡಿದುಕೊಂಡು ಹೋಗಿ. ಕೆಲವು ಗಾಡಿಗಳಲ್ಲಿ ಎರಡೂ ಕಡೆ ಒಂದೇ ಉದ್ದ ಇರುವುದಿಲ್ಲ. ತೋಳಿನ ತುದಿಯಲ್ಲಿರುವ ಕೊಕ್ಕೆಗೆ ಹೊಂದುವ ಬ್ಲೇಡೇ ಬೇಕು. "ಎಲ್ಲದಕ್ಕೂ ಆಗುತ್ತೆ" ಅಂತ ಕೊಟ್ಟದ್ದನ್ನು ಅಂಗಡಿ ಮುಂದೆಯೇ ಹಾಕಿ ನೋಡಿ.

ಬ್ಲೇಡ್ ತೆಗೆದ ಮೇಲೆ ಗ್ಲಾಸಿನ ಮೇಲೆ ದಪ್ಪ ಟವೆಲ್ ಮಡಚಿ ಹಾಕುವುದನ್ನು ಮರೆಯಬೇಡಿ. ತೋಳಿನ ಸ್ಪ್ರಿಂಗ್ ಬಲವಾದದ್ದು. ಕೈ ಜಾರಿ ಬರೀ ಕಬ್ಬಿಣ ಗ್ಲಾಸಿಗೆ ಬಡಿದರೆ ನೂರು ರೂಪಾಯಿ ಕೆಲಸ ಸಾವಿರಗಳಿಗೆ ಹೋಗುತ್ತದೆ.

ರಬ್ಬರ್ ಹೊಸದು, ಗ್ಲಾಸ್ ಶುದ್ಧ, ಆದರೂ ತೊಂದರೆ ಇದ್ದರೆ ಅದರ ಗುರುತು ಹಿಡಿಯಿರಿ. ಕೂದಲೆಳೆಯಂಥ ಒಂದೇ ಗೆರೆ ಬಿದ್ದರೆ ಅಂಚಿನಲ್ಲಿ ಕಸ ಸಿಕ್ಕಿದೆ, ಇಲ್ಲವೇ ಸಣ್ಣ ಕಚ್ಚು ಬಿದ್ದಿದೆ. ಅಗಲವಾದ ಪಟ್ಟಿಯೇ ಒರೆಸದೆ ಉಳಿದರೆ ಬ್ಲೇಡಿನ ಕಬ್ಬಿಣ ಬಾಗಿದೆ ಅಥವಾ ತೋಳಿನ ಸ್ಪ್ರಿಂಗ್ ಸೋತಿದೆ. ಎರಡೂ ಕಡೆಯ ತೋಳನ್ನು ಒಂದೊಂದಾಗಿ ಎತ್ತಿ ನೋಡಿ. ಒಂದು ಸಡಿಲ ಅನ್ನಿಸಿದರೆ ತೋಳೇ ಬದಲಾಯಿಸುವುದು ಒಳ್ಳೆಯದು. ಹೋಗುವಾಗ ಸುಮ್ಮನಿದ್ದು ಬರುವಾಗ ಮಾತ್ರ ಟಕಟಕ ಕುಣಿದರೆ ತೋಳು ತಿರುಚಿಕೊಂಡಿದೆ.

ತಿರುಚಿದ್ದನ್ನು ನೋಡಲು ಹೀಗೆ ಮಾಡಿ. ಒದ್ದೆ ಗ್ಲಾಸಿನ ಮೇಲೆ ವೈಪರ್ ಓಡುತ್ತಾ ನಡುವೆ ಬಂದಾಗ ಕೀ ಆಫ್ ಮಾಡಿ. ವೈಪರ್ ಅಲ್ಲೇ ನಿಲ್ಲುತ್ತದೆ. ಈಗ ಪಕ್ಕದಿಂದ ಬಗ್ಗಿ ನೋಡಿ. ಬ್ಲೇಡ್ ಗ್ಲಾಸಿಗೆ ನೆಟ್ಟಗೆ ನಿಂತಿರಬೇಕು, ಒಂದು ಕಡೆ ವಾಲಿರಬಾರದು. ವಾಲಿದ್ದರೆ ಬ್ಲೇಡ್ ಬಿಚ್ಚಿ, ಟವೆಲ್ ಹಾಕಿ, ತೋಳಿನ ತುದಿಯನ್ನು ಪ್ಲೇಯರ್‌ನಲ್ಲಿ ಹಿಡಿದು, ಇನ್ನೊಂದು ಪ್ಲೇಯರ್‌ನಲ್ಲಿ ಸ್ವಲ್ಪ ಹಿಂದೆ ಹಿಡಿದು, ಚೂರೇ ಚೂರು ತಿರುಚಿ. ಮತ್ತೆ ಬ್ಲೇಡ್ ಹಾಕಿ ನೋಡಿ. ಒಂದೇ ಸಲಕ್ಕೆ ಸರಿ ಮಾಡುವ ಆತುರ ಬೇಡ.

ವಾಷರ್ ನೀರು ಬರದಿದ್ದರೆ

ನಮ್ಮ ಭಾಗದಲ್ಲಿ ವಾಷರ್‌ನ ನಿಜವಾದ ಶತ್ರು ಬೋರ್‌ವೆಲ್ ನೀರು. ಬಿಂದಿಗೆ ತಳದಲ್ಲಿ, ಗೀಸರ್ ಕಾಯಿಲ್ ಮೇಲೆ ಕಟ್ಟುವ ಅದೇ ಬಿಳಿ ಪೊರೆ ನೀರು ಚಿಮ್ಮುವ ವಾಷರ್ ನಾಜಲ್‌ನಲ್ಲೂ ಕಟ್ಟುತ್ತದೆ. ನಾಜಲ್ ತೂತು ಎಷ್ಟು ಸಣ್ಣದು ಅಂದರೆ ಹೊಲಿಗೆ ಸೂಜಿಯ ತುದಿ ಕಷ್ಟಪಟ್ಟು ಹೋಗುತ್ತದೆ. ತಿಂಗಳುಗಟ್ಟಲೆ ಬಳಸದೆ ಬಿಟ್ಟರೆ ಒಳಗಿನ ನೀರು ಆರಿ ಸುಣ್ಣ ಉಳಿಯುತ್ತದೆ, ದಾರಿ ಬಂದ್.

ಕೆಲಸ ಶುರು ಮಾಡುವ ಮುಂಚೆ ಟ್ಯಾಂಕ್ ಎಲ್ಲಿದೆ ಗೊತ್ತಿರಲಿ. ಓಮ್ನಿಯಲ್ಲಿ ಇಂಜಿನ್ ಸೀಟಿನ ಕೆಳಗೆ. ಮುಂದೆ ಕಾರಿನಂತೆ ದೊಡ್ಡ ಬಾನೆಟ್ ಇಲ್ಲ. ಗೊತ್ತಾಗದಿದ್ದರೆ ನಾಜಲ್‌ನಿಂದ ಹೊರಟ ಸಣ್ಣ ಪೈಪನ್ನು ಹಿಡಿದು ಹೋಗಿ, ಅದೇ ಟ್ಯಾಂಕಿಗೆ ಕರೆದೊಯ್ಯುತ್ತದೆ.

ಟ್ಯಾಂಕಿನಲ್ಲಿ ನೀರು ಇದೆಯಾ? ನಗಬೇಡಿ, ಇದನ್ನು ನೋಡದೆಯೇ ಮೆಕ್ಯಾನಿಕ್ ಹತ್ತಿರ ಹೋದವರಿದ್ದಾರೆ. ನೀರು ತುಂಬಿದ ಮೇಲೂ ಮರುದಿನಕ್ಕೆ ಖಾಲಿಯಾದರೆ ಟ್ಯಾಂಕ್ ಸೀಳಿದೆ ಅಥವಾ ಪಂಪು ಕೂರುವ ಜಾಗದ ರಬ್ಬರ್ ಉಂಗುರ ಒಣಗಿದೆ. ಕೆಳಗೆ ರಟ್ಟು ಹಾಕಿ ಒಂದು ರಾತ್ರಿ ಬಿಡಿ, ಎಲ್ಲಿ ಒದ್ದೆಯಾಗಿದೆ ನೋಡಿದರೆ ಗೊತ್ತಾಗುತ್ತದೆ.

ನೀರಿದೆ ಅಂದರೆ ಇನ್ನೊಬ್ಬರನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿ. ಮಗನೋ, ಅಂಗಡಿ ಹುಡುಗನೋ, ಯಾರಾದರೂ ಆಗಲಿ. ಇಂಜಿನ್ ಆಫ್ ಇರಲಿ, ಕೀ ಮಾತ್ರ ಆನ್. ಅವರು ವಾಷರ್ ಒತ್ತಲಿ, ನೀವು ಟ್ಯಾಂಕಿನ ಹತ್ತಿರ ಕಿವಿ ಇಡಿ. ಇಲ್ಲಿಂದ ದಾರಿ ಎರಡಾಗುತ್ತದೆ.

ಗುಂಯ್ ಅನ್ನುವ ಸದ್ದು ಬಂದರೆ ಪಂಪು ಜೀವಂತ ಇದೆ. ಪಂಪಿನಿಂದ ಹೊರಡುವ ಪೈಪನ್ನು ಕಿತ್ತು, ಪಂಪಿನಿಂದ ನೀರು ಹೊರಬರುವ ಕಡೆ ಒಂದು ಲೋಟ ಹಿಡಿದು ಮತ್ತೆ ಒತ್ತಿಸಿ. ಅಲ್ಲಿ ನೀರು ಜೋರಾಗಿ ಬಂದರೆ ಅಡ್ಡಿ ಮುಂದೆ, ಪೈಪಿನಲ್ಲೋ ನಾಜಲ್‌ನಲ್ಲೋ ಇದೆ. ಬರದಿದ್ದರೆ ಟ್ಯಾಂಕಿನ ತಳದ ಕೆಸರು ಪಂಪಿನ ಬಾಯಿ ಮುಚ್ಚಿದೆ. ಪಂಪು ಕಿತ್ತು, ಅದರ ಜಾಲರಿ ತೊಳೆದು, ಟ್ಯಾಂಕನ್ನು ಬಿಸಿ ನೀರಿನಲ್ಲಿ ಗಲಬರಿಸಿ ಚೆಲ್ಲಿ. ಪಾಚಿ ಉಂಡೆ ಉಂಡೆಯಾಗಿ ಬಂದರೆ ಆಶ್ಚರ್ಯಪಡಬೇಡಿ.

ಸದ್ದೇ ಇಲ್ಲ ಅಂದರೆ ಕರೆಂಟಿನ ವಿಷಯ. ಫ್ಯೂಸ್ ನೋಡಿ. ಪಂಪಿನ ಪ್ಲಗ್ ಬಿಚ್ಚಿ ಅದಕ್ಕೆ ಟೆಸ್ಟ್ ಲ್ಯಾಂಪ್ (ಕರೆಂಟ್ ಇದೆಯಾ ನೋಡುವ, ವೈರು ಇರುವ ಸಣ್ಣ ಬಲ್ಬು) ಹಚ್ಚಿ, ಒತ್ತಿಸಿ. ಲ್ಯಾಂಪ್ ಉರಿದರೆ ಕರೆಂಟ್ ಬರುತ್ತಿದೆ, ಪಂಪು ಹಿಡಿದುಕೊಂಡಿದೆ. ಸ್ವಿಚ್ ಒತ್ತಿ ಹಿಡಿದಿರುವಾಗಲೇ ಸ್ಕ್ರೂಡ್ರೈವರ್ ಹಿಡಿಯಿಂದ ಪಂಪಿಗೆ ಮೆಲ್ಲಗೆ ಎರಡು ಏಟು ಕೊಡಿ. ಬಹಳ ದಿನ ನಿಂತ ಪಂಪು ಇಷ್ಟಕ್ಕೇ ಎಚ್ಚರಾಗುವುದುಂಟು. ಆಗದಿದ್ದರೆ ಹೊಸ ಪಂಪು. ಲ್ಯಾಂಪ್ ಉರಿಯದಿದ್ದರೆ ವೈರು, ಸ್ವಿಚ್ಚು ನೋಡಬೇಕು. ಪ್ಲಗ್ಗಿನ ಪಿನ್ನುಗಳ ಮೇಲೆ ಹಸಿರು ತುಕ್ಕು ಕೂತಿದೆಯಾ ಮೊದಲು ನೋಡಿ.

ಈಗ ನಾಜಲ್. ಅದರ ಹಿಂಬದಿಯ ಪೈಪನ್ನು ಬಿಚ್ಚಿ. ಬಿಚ್ಚದೆ ಸೂಜಿ ಹಾಕಿದರೆ ಕಸ ಒಳಕ್ಕೇ ಹೋಗುತ್ತದೆ. ಬಿಸಿಲಿಗೆ ಗಟ್ಟಿಯಾದ ಪೈಪನ್ನು ಎಳೆದರೆ ತುದಿ ಪಟ್ ಅಂತ ಮುರಿಯುತ್ತದೆ. ಬಿಸಿ ನೀರಿನ ಬಟ್ಟೆ ಸುತ್ತಿ ಒಂದು ನಿಮಿಷ ಬಿಟ್ಟು, ತಿರುಗಿಸುತ್ತಾ ಎಳೆಯಿರಿ. ನಾಜಲ್ ಕಳಚಿಕೊಳ್ಳುವಂಥದ್ದಾದರೆ ಬಿಸಿ ವಿನೆಗರ್ ಇರುವ ಲೋಟದಲ್ಲಿ ಒಂದು ಗಂಟೆ ಮುಳುಗಿಸಿಡಿ. ಸಣ್ಣ ಗುಳ್ಳೆ ಏಳುತ್ತಾ ಇದ್ದರೆ ಸುಣ್ಣ ಕರಗುತ್ತಿದೆ ಅಂತ ಅರ್ಥ. ಆಮೇಲೆ ತೆಳ್ಳನೆಯ ಸೂಜಿಯನ್ನು ಹೊರಗಿನಿಂದ ತೂರಿಸಿ ಮೆತ್ತಗೆ ಆಡಿಸಿ. ಕರಕ್ ಅಂತ ಬಿಳಿ ಚೂರು ಒಡೆದು ಬಂದಾಗ ನಾಜಲನ್ನು ತಿರುಗಿಸಿ ಹಿಂಬದಿಯಿಂದ ನೀರಿನಲ್ಲಿ ತೊಳೆಯಿರಿ. ಒತ್ತಾಯ ಬೇಡ, ತೂತು ಅಗಲವಾದರೆ ನೀರು ಚಿಮ್ಮುವ ಬದಲು ಸೋರುತ್ತದೆ.

ಪೈಪು ಕಟ್ಟಿದ್ದರೆ ಪಂಚರ್ ಅಂಗಡಿಯ ಗಾಳಿ ಸಾಕು. ಆದರೆ ಎರಡೂ ತುದಿ ಬಿಚ್ಚಿರಬೇಕು. ಪಂಪಿಗೆ ಸೇರಿಕೊಂಡಿರುವಾಗಲೇ ಗಾಳಿ ಬಿಟ್ಟರೆ ಪಂಪಿನ ಒಳಗಿನ ಸೀಲ್ ಹೋಗಬಹುದು. ಪೈಪು ಬಿರುಕು ಬಿಟ್ಟಿದ್ದರೆ ಟೇಪ್ ಸುತ್ತುವುದು ಬೇಡ, ಬದಲಾಯಿಸಿ. ಸ್ಪೇರ್ ಅಂಗಡಿಯಲ್ಲಿ ಸಿಗದಿದ್ದರೆ ಮೀನಿನ ತೊಟ್ಟಿಗೆ ಗಾಳಿ ಬಿಡುವ ಪೈಪು ತನ್ನಿ. ಅದರ ಒಳಅಳತೆ ಸಾಮಾನ್ಯವಾಗಿ 4 ಮಿಲಿಮೀಟರ್, ಹೆಚ್ಚಿನ ವಾಷರ್ ಪೈಪಿಗೂ ಅದೇ ಅಳತೆ ನಡೆಯುತ್ತದೆ. ಹಳೇ ಪೈಪಿನ ತುಂಡು ಒಯ್ದು ಹೋಲಿಸಿ. ಪೈಪು ಹಾಯುವ ದಾರಿಯಲ್ಲಿ ಎಲ್ಲೂ ಮಡಚಿಕೊಳ್ಳದಂತೆ, ಬಿಸಿ ಭಾಗಕ್ಕೆ ತಗಲದಂತೆ ಹಾಕಿ.

ನೀರು ಬಂತು, ಆದರೆ ಚಾವಣಿ ಮೇಲೆ ಹಾರುತ್ತಿದೆಯಾ? ನಾಜಲ್ ಕಣ್ಣಿನಲ್ಲಿ ಸೂಜಿ ಇಟ್ಟು ಮೆಲ್ಲಗೆ ವಾಲಿಸಿ. ನಿಂತ ಗಾಡಿಯಲ್ಲಿ ಗ್ಲಾಸಿನ ನಡುಮಧ್ಯಕ್ಕಿಂತ ತುಸು ಮೇಲೆ ಬಿದ್ದರೆ ಸರಿ. ಓಡುವಾಗ ಗಾಳಿ ಅದನ್ನು ಕೆಳಕ್ಕೆ ತಳ್ಳುತ್ತದೆ.

ಟ್ಯಾಂಕಿಗೆ ಇನ್ನು ಮೇಲೆ ಬೋರ್ ನೀರು ಬೇಡ. ಕಾಯಿನ್ ಹಾಕಿ ಹಿಡಿಯುವ ಶುದ್ಧ ಕುಡಿಯುವ ನೀರಿನ ಘಟಕ ಈಗ ಹಳ್ಳಿಗಳಲ್ಲೂ ಇದೆ, ಆ ನೀರು ಸಾಕು. ಎಸಿಯಿಂದ ತೊಟ್ಟಿಕ್ಕುವ ನೀರನ್ನು ಬಟ್ಟೆಯಲ್ಲಿ ಸೋಸಿಕೊಂಡರೂ ಆಗುತ್ತದೆ. ಮನೆಯ ಆರ್‌ಒ ಯಂತ್ರ ಹೊರಗೆ ಬಿಡುವ ವೇಸ್ಟ್ ನೀರು ಮಾತ್ರ ಬೇಡವೇ ಬೇಡ, ಅದರಲ್ಲಿ ಲವಣ ಇನ್ನೂ ಜಾಸ್ತಿ. ಶಾಂಪೂ ಹಾಕುವುದಾದರೆ ಲೀಟರಿಗೆ ನಾಲ್ಕೈದು ಹನಿ. ಬಟ್ಟೆ ಸೋಪಿನ ಪುಡಿ ಹಾಕಿದರೆ ಅದೇ ಆರಿ ನಾಜಲ್ ಕಟ್ಟುತ್ತದೆ. ಮಳೆ ಇರಲಿ ಬಿಡಲಿ, ವಾರಕ್ಕೊಮ್ಮೆ ಎರಡು ಕ್ಷಣ ಒತ್ತಿ ಬಿಡಿ. ಖಾಲಿ ಟ್ಯಾಂಕಿನಲ್ಲಿ ಒತ್ತಿ ಹಿಡಿಯಬೇಡಿ, ಪಂಪು ಸುಡುತ್ತದೆ.

ವೈಪರ್ ಅಲ್ಲಾಡದಿದ್ದರೆ

ವೈಪರ್, ವಾಷರ್ ಎರಡೂ ಒಟ್ಟಿಗೆ ಸತ್ತಿದ್ದರೆ ಫ್ಯೂಸ್ ಕಡೆಗೆ ಹೋಗಿ. ಬಹಳಷ್ಟು ಗಾಡಿಗಳಲ್ಲಿ ಎರಡಕ್ಕೂ ಒಂದೇ ಫ್ಯೂಸ್. ಸುಟ್ಟಿದ್ದರೆ ಅದೇ ಆಂಪಿಯರ್‌ನದ್ದು ಹಾಕಿ. ಬೀಡಿ ಸಿಗರೇಟಿನ ಬೆಳ್ಳಿ ಕಾಗದ, ತಾಮ್ರದ ತಂತಿ ಸುತ್ತಿ ಓಡಿಸುವುದು ನಮ್ಮಲ್ಲಿ ಮಾಮೂಲಿ. ಫ್ಯೂಸ್ ಇರುವುದೇ ವೈರು ಸುಡದೆ ಇರಲಿ ಅಂತ. ಅದರಲ್ಲೂ ಗ್ಯಾಸ್ ಕಿಟ್ ಇರುವ ಓಮ್ನಿಯಲ್ಲಿ ಈ ಆಟ ಆಡಲೇಬಾರದು. ಹೊಸ ಫ್ಯೂಸೂ ಸುಟ್ಟರೆ ಎಲ್ಲೋ ವೈರು ಬಾಡಿಗೆ ತಗಲುತ್ತಿದೆ, ಇಲ್ಲವೇ ವೈಪರ್ ಬಿಗಿಯಾಗಿ ಹಿಡಿದುಕೊಂಡು ಮೋಟರ್ ತಿಣುಕುತ್ತಿದೆ.

ಮೋಟರ್ ಸದ್ದು ಇದೆ, ಎರಡೂ ತೋಳು ನಿಂತಲ್ಲೇ ಇವೆ ಅಂದರೆ ಲಿಂಕ್ ಕಳಚಿದೆ. ಒಂದು ತೋಳು ಮಾತ್ರ ನಿಂತಿದ್ದರೆ ಅದರ ಬುಡದ ನಟ್ಟು ಸಡಿಲ. ಬುಡದ ಮುಚ್ಚಳ ಎತ್ತಿದರೆ ನಟ್ಟು ಕಾಣುತ್ತದೆ. ಬಿಚ್ಚುವ ಮುಂಚೆ ವೈಪರ್ ಕೆಳಗೆ ಬಂದು ತಾನಾಗೇ ನಿಲ್ಲುವಂತೆ ಆಫ್ ಮಾಡಿ, ಬ್ಲೇಡ್ ಕೂತ ಜಾಗಕ್ಕೆ ಗ್ಲಾಸಿನ ಮೇಲೆ ಟೇಪ್ ಅಂಟಿಸಿ. ವಾಪಸ್ ಕೂರಿಸುವಾಗ ಅದೇ ಗುರುತು. ತೋಳು ಕಚ್ಚಿಕೊಂಡಿದ್ದರೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದು ಕಾಲು ಗಂಟೆ ಕಾಯಿರಿ. ಟೀ ಕುಡಿದು ಬನ್ನಿ. ಸ್ಕ್ರೂಡ್ರೈವರ್ ಗ್ಲಾಸಿಗೆ ಆನಿಸಿ ಮೀಟಬೇಡಿ. ಹಿಂದೆ ಮುಂದೆ ಅಲ್ಲಾಡಿಸುತ್ತಾ ಎತ್ತಿ. ತೋಳು ಕೂರುವ ಶಾಫ್ಟಿನ ಹಲ್ಲುಗಳನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ, ತೋಳು ಕೂರಿಸಿ ಬಿಗಿ ಮಾಡಿ. ತೋಳಿನ ಒಳಗಿನ ಹಲ್ಲೇ ಸವೆದಿದ್ದರೆ ಎಷ್ಟು ಬಿಗಿದರೂ ಮತ್ತೆ ಜಾರುತ್ತದೆ, ತೋಳು ಹೊಸದು ಬೇಕು.

ಲಿಂಕಿಗೆ ಕೈ ಹಾಕುವ ಮುಂಚೆ ಬ್ಯಾಟರಿಯ ಮೈನಸ್ ತೆಗೆಯಿರಿ. ಆ ಮೋಟರ್ ಚಿಕ್ಕದಾಗಿ ಕಂಡರೂ ಬೆರಳು ಜಜ್ಜುವಷ್ಟು ಬಲ ಅದಕ್ಕಿದೆ. ಬುಷ್ ಬರೀ ಕಳಚಿದ್ದರೆ ಗ್ರೀಸ್ ಹಚ್ಚಿ ಪ್ಲೇಯರ್‌ನಲ್ಲಿ ಒತ್ತಿದರೆ ಟಕ್ ಅಂತ ಕೂರುತ್ತದೆ. ಸವೆದಿದ್ದರೆ ಹೊಸ ಬುಷ್ ಹಾಕಿ. ದಾರಿಯಲ್ಲಿ ಆದರೆ ಪ್ಲಾಸ್ಟಿಕ್ ಟೈ ಕಟ್ಟಿ ಮನೆ ಸೇರಬಹುದು.

ವೈಪರ್ ಓಡುತ್ತದೆ, ಆದರೆ ಮೈಗಳ್ಳನ ಥರ. ಇದು ನಮ್ಮ ಕಡೆ ಅತಿ ಹೆಚ್ಚು ಕಾಣುವ ಕಾಯಿಲೆ. ತೋಳುಗಳನ್ನು ಬಿಚ್ಚಿ, ಲಿಂಕ್ ಕಳಚಿ, ಶಾಫ್ಟನ್ನು ಕೈಯಿಂದ ತಿರುಗಿಸಿ ನೋಡಿ. ಸುಲಭವಾಗಿ ತಿರುಗಬೇಕು. ಧೂಳು, ಒಣಗಿದ ಗ್ರೀಸ್ ಸೇರಿ ಬಿಗಿಯಾಗಿದ್ದರೆ ಸ್ಪ್ರೇ ಹೊಡೆದು ಆಡಿಸಿ, ಒರೆಸಿ, ಹೊಸ ಗ್ರೀಸ್ ಹಾಕಿ. ಬರೀ ಸ್ಪ್ರೇ ಹೊಡೆದು ಬಿಟ್ಟರೆ ಕೆಲವೇ ದಿನದಲ್ಲಿ ಮತ್ತೆ ಅದೇ ಕಥೆ. ಶಾಫ್ಟ್ ಸಲೀಸಾಗಿದ್ದೂ ವೇಗ ಇಲ್ಲದಿದ್ದರೆ ಅರ್ಥಿಂಗ್ ನೋಡಿ. ಬಿಚ್ಚಿದ್ದನ್ನೆಲ್ಲ ಕೂರಿಸಿ, ಬ್ಯಾಟರಿ ಮೈನಸ್ ಮತ್ತೆ ಹಾಕಿ, ವೈಪರ್ ಓಡುತ್ತಿರುವಾಗ ಒಂದು ದಪ್ಪ ವೈರನ್ನು ಮೋಟರ್ ಬಾಡಿಯಿಂದ ಬ್ಯಾಟರಿ ಮೈನಸ್‌ಗೆ ಹಿಡಿಯಿರಿ. ತಕ್ಷಣ ಚುರುಕಾದರೆ ಅರ್ಥಿಂಗ್ ಕೆಟ್ಟಿದೆ. ಬೋಲ್ಟ್ ಬಿಚ್ಚಿ, ಎಮರಿ ಪೇಪರ್‌ನಲ್ಲಿ ಲೋಹ ಹೊಳೆಯುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ವ್ಯಾಸಲೀನ್ ಸವರಿ.

ಉಳಿದದ್ದು ಮೋಟರ್. ಒಂದು ಸ್ಪೀಡ್ ಮಾತ್ರ ಬರುತ್ತದೆ ಅಂದರೆ ಕಾರ್ಬನ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು) ಸವೆದಿರಬಹುದು ಅಥವಾ ಸ್ವಿಚ್ ದೋಷ. ಆಫ್ ಮಾಡಿದಾಗ ಕೆಳಗೆ ಬರದೆ ಅರ್ಧಕ್ಕೇ ನಿಂತರೆ ವೈಪರನ್ನು ಕೆಳಗೆ ತಂದು ನಿಲ್ಲಿಸಲೆಂದು ಮೋಟರ್ ಗೇರಿನ ಜೊತೆ ಇರುವ ಪಾರ್ಕಿಂಗ್ ಕಾಂಟ್ಯಾಕ್ಟ್ ಅಥವಾ ಅದರ ವೈರು ನೋಡಬೇಕು. ಇದನ್ನು ಆಟೋ ಎಲೆಕ್ಟ್ರಿಷಿಯನ್‌ಗೆ ಬಿಡಿ. ಆದರೆ ಹೋಗುವಾಗ ಏನೇನು ನೋಡಿದ್ದೀರಿ ಅಂತ ಹೇಳಿ. "ಫ್ಯೂಸ್ ಸರಿ ಇದೆ, ಅರ್ಥಿಂಗ್ ಸರಿ ಇದೆ, ಲಿಂಕ್ ಸಲೀಸಾಗಿದೆ, ಲೋ ಸ್ಪೀಡ್ ಮಾತ್ರ ಇಲ್ಲ" ಅಂದರೆ ಮೇಸ್ತ್ರಿಗೂ ಕೆಲಸ ಸುಲಭ, ನಿಮ್ಮ ಜೇಬಿಗೂ ಕ್ಷೇಮ. ಕಾರ್ಬನ್ ಬದಲಾಯಿಸಿ, ಗೇರಿಗೆ ಹೊಸ ಗ್ರೀಸ್ ಹಾಕಿಸಿದರೆ ಹಳೇ ಮೋಟರ್ ಇನ್ನೂ ಕೆಲವು ವರ್ಷ ಎಳೆಯುತ್ತದೆ. ಹೊಸ ಮೋಟರ್ ಕೊನೆಯ ಮಾತು.

ಕೆಎ-16, ಕೆಎ-17 ನಂಬರಿನ ಹಳೇ ವ್ಯಾನುಗಳಲ್ಲಿ 15 ವರ್ಷ ದಾಟಿದವು ಈಗ ಬೇಕಾದಷ್ಟಿವೆ. ಸ್ವಂತ ಬಳಕೆಯ ಗಾಡಿಗೂ ಆಗ ನೋಂದಣಿ ನವೀಕರಿಸಬೇಕು, ಅದಕ್ಕೆ ಎಫ್‌ಸಿ (ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್) ಆಗಬೇಕು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸರಿಯಾಗಿ ಕೆಲಸ ಮಾಡುವ ವೈಪರ್ ಕಡ್ಡಾಯ. ಎಫ್‌ಸಿಗೆ ಒಯ್ಯುವ ಹಿಂದಿನ ದಿನವೇ ಒದ್ದೆ ಗ್ಲಾಸಿನ ಮೇಲೆ ಎರಡೂ ಸ್ಪೀಡ್ ಓಡಿಸಿ ನೋಡಿಕೊಳ್ಳಿ.

ದಾರಿಯಲ್ಲಿ ಜೋರು ಮಳೆ, ವೈಪರ್ ಪೂರ್ತಿ ನಿಂತುಹೋಯಿತು ಅಂದರೆ ಇಂಡಿಕೇಟರ್ ಹಾಕಿ, ನಿಧಾನಕ್ಕೆ ಎಡಕ್ಕೆ ಬಂದು, ಹೆದ್ದಾರಿ ಬಿಟ್ಟು ಬಂಕಿನಲ್ಲೋ ಡಾಬಾದಲ್ಲೋ ನಿಲ್ಲಿಸಿ. ನಮ್ಮ ಕಡೆಯ ಮಳೆ ಹೊಡೆದರೆ ಒಂದು ಗಂಟೆ, ಆಮೇಲೆ ತಾನೇ ಬಿಡುತ್ತದೆ. ಬೀಡಿ ಬಿಚ್ಚಿ ಅದರ ತಂಬಾಕನ್ನು ಗ್ಲಾಸಿಗೆ ಉಜ್ಜುವ ಹಳೇ ಲಾರಿ ಡ್ರೈವರ್‌ಗಳ ಉಪಾಯ ಹಗಲಿನ ಜಿಟಿಜಿಟಿ ಮಳೆಯಲ್ಲಿ ಸ್ವಲ್ಪ ದೂರಕ್ಕೆ ಆಗುತ್ತದೆ. ಹನಿ ನಿಲ್ಲದೆ ನೀರು ಹರಡಿಕೊಂಡು ಇಳಿಯುತ್ತದೆ. ರಾತ್ರಿ ಮಾತ್ರ ಅದನ್ನು ನಂಬಬೇಡಿ, ಎದುರು ಲೈಟಿಗೆ ಏನೂ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಆ ತಂಬಾಕಿನ ರಸವನ್ನು ಸೋಪು ಹಾಕಿ ಪೂರ್ತಿ ತೊಳೆದು, ಆಮೇಲೆಯೇ ಹೊಸ ಬ್ಲೇಡ್ ಹಾಕಿ.